ಹೆಸರಿರುವ ಕಾಲೇಜೋ, ಹೆಸರು ಮಾಡಬಹುದಾದ ಕಾಲೇಜೋ?

ಸಿಇಟಿ ರ‍್ಯಾಂಕ್ ಬಂದ ವಾರದಿಂದ ಆಪ್ಷನ್ ಎಂಟ್ರಿ ಮುಗಿಯುವ ತನಕ ನಮ್ಮ ಫೋನುಗಳಿಗೆ ಬಿಡುವಿಲ್ಲ. ಚಿಕ್ಕಪ್ಪನ ಮಗ, ಪಿಯು ಕಾಲೇಜಿನ ಜೂನಿಯರ್, ಪಕ್ಕದ ಮನೆ ಆಂಟಿಯ ಮಗಳು, ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ಅಣ್ಣಾ, ಬೆಂಗಳೂರಿನ ದೊಡ್ಡ ಕಾಲೇಜಲ್ಲಿ ಕಟಾಫ್ ಅಂಚಿನಲ್ಲಿ ಸೀಟು ಸಿಗೋ ಹಾಗಿದೆ. ಆದ್ರೆ ಅಲ್ಲಿ ಎಲ್ಲರೂ ನನಗಿಂತ ಮೇಲಿನ ರ‍್ಯಾಂಕ್‌ನವರೇ. ಇಲ್ಲೇ ಜಿಲ್ಲೆಯ ಕಾಲೇಜಿಗೆ ಸೇರಿದ್ರೆ ಕ್ಲಾಸಿಗೇ ಫಸ್ಟ್ ಬರಬಹುದು. ಯಾವುದನ್ನ ಮೇಲೆ ಹಾಕ್ಲಿ?"

ಊರಿನ ಹಿರಿಯರ ಹತ್ತಿರ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಒಬ್ಬರು 'ದೂರದ ಬೆಟ್ಟ ನುಣ್ಣಗೆ' ಅಂತಾರೆ. ಇನ್ನೊಬ್ಬರು 'ಹಾಳೂರಿಗೆ ಉಳಿದವನೇ ಗೌಡ' ಅಂತಾರೆ. ಎರಡೂ ಗಾದೆ ನಿಜವೇ ಆದ್ದರಿಂದ ಕೇಳಿದವನಿಗೆ ಏನೂ ಸಿಕ್ಕಿದಂತಾಗಲ್ಲ. ಈ ಪ್ರಶ್ನೆಯನ್ನು ಅಳೆದು ನೋಡಿದವರು ಇದ್ದಾರೆ, ಅದರಲ್ಲಿ ಒಂದೆರಡು ಅಧ್ಯಯನ ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳ ಮೇಲೆಯೇ ನಡೆದಿವೆ. ಅವು ಹೇಳುವುದನ್ನು ಓದಿದ ಮೇಲೆ ನಮಗೊಂದು ಅಭಿಪ್ರಾಯ ಮೂಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವೆಲ್ಲ ಆಗಲೇ ಸೇರಿಯಾಗಿದೆಯಲ್ಲ, ಇನ್ನು ಇದೆಲ್ಲ ಯಾಕೆ ಅಂತ ಕೇಳಬಹುದು. ಮೊದಲನೆಯದಾಗಿ, ಊರಿನಿಂದ ಫೋನ್ ಮಾಡುವವರಿಗೆ ಉತ್ತರ ಕೊಡೋರು ನಾವೇ. ಎರಡನೆಯದಾಗಿ, ಫೈನಲ್ ಇಯರ್‌ಗೆ ಬಂದಾಗ ಎಂಟೆಕ್, ಎಂಎಸ್ ಅಂತ ಇದೇ ಪ್ರಶ್ನೆ ಮತ್ತೆ ನಮ್ಮ ಮುಂದೆಯೇ ಬರುತ್ತೆ. ನಮ್ಮ ಕಾಲೇಜು ಈ ಎರಡರಲ್ಲಿ ಯಾವ ಗುಂಪು ಅನ್ನೋದಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. 3,000 ರ‍್ಯಾಂಕ್‌ನವನಿಗೆ ಇದು ಸಣ್ಣದು, 40,000 ರ‍್ಯಾಂಕ್‌ನವಳಿಗೆ ಇದೇ ದೊಡ್ಡದು.

ಒಂದೇ ಮೀನು, ಎರಡು ಕೆರೆ

ಮನಶ್ಶಾಸ್ತ್ರದಲ್ಲಿ ಇದಕ್ಕೆ ಒಂದು ಹೆಸರಿದೆ: ಸಣ್ಣ ಕೆರೆಯ ದೊಡ್ಡ ಮೀನು. ಹರ್ಬರ್ಟ್ ಮಾರ್ಷ್ ಎಂಬ ಸಂಶೋಧಕರು 1980ರ ದಶಕದಲ್ಲಿ ಇದನ್ನು ವಿವರಿಸಿದರು. ವಿಷಯ ಸರಳ. ಒಂದೇ ಮಟ್ಟದ ಜಾಣತನ ಇರುವ ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಿ. ಒಬ್ಬರನ್ನು ಸರಾಸರಿ ಮಟ್ಟ ಬಹಳ ಮೇಲಿರುವ ಶಾಲೆಗೆ ಹಾಕಿ, ಇನ್ನೊಬ್ಬರನ್ನು ಸಾಧಾರಣ ಶಾಲೆಗೆ ಹಾಕಿ. ಸ್ವಲ್ಪ ಕಾಲದ ಮೇಲೆ 'ನೀನು ಓದಿನಲ್ಲಿ ಹೇಗಿದ್ದೀಯ?' ಅಂತ ಕೇಳಿದರೆ, ಸಾಧಾರಣ ಶಾಲೆಯವರು ತಮ್ಮ ಬಗ್ಗೆ ಹೆಚ್ಚು ವಿಶ್ವಾಸದಿಂದ ಮಾತಾಡುತ್ತಾರೆ. 2000ದ ಪೀಸಾ ಪರೀಕ್ಷೆಯ ಮಾಹಿತಿಯನ್ನು ಇಟ್ಟುಕೊಂಡು ಮಾರ್ಷ್ ಮತ್ತು ಹಾವ್ 26 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಹದಿನೈದು ವರ್ಷದ ಮಕ್ಕಳನ್ನು ನೋಡಿದಾಗಲೂ ಇದೇ ಕಂಡಿತು.

ಕಾರಣ ಊಹಿಸೋದು ಕಷ್ಟವಲ್ಲ. 'ನಾನು ಗಣಿತದಲ್ಲಿ ಎಷ್ಟು ಚೆನ್ನಾಗಿದ್ದೀನಿ' ಅನ್ನೋದನ್ನು ಅಳೆಯಲು ಯಾರ ಹತ್ತಿರವೂ ಸ್ಕೇಲ್ ಇಲ್ಲ. ಎಡಕ್ಕೆ ನೋಡ್ತೀವಿ, ಬಲಕ್ಕೆ ನೋಡ್ತೀವಿ, ಅಂದಾಜು ಹಾಕ್ತೀವಿ. ಪಿಯುಸಿಯಲ್ಲಿ ಗಣಿತಕ್ಕೆ 98 ತೆಗೆದವರನ್ನೇ 60 ಜನ ಆರಿಸಿ ಒಂದು ಸೆಕ್ಷನ್ ಮಾಡಿದರೂ, ಮೊದಲ ಇಂಟರ್ನಲ್ ಆದ ಮೇಲೆ ಅದರಲ್ಲಿ 30 ಜನ ಕೆಳಗಿನ ಅರ್ಧದಲ್ಲೇ ಇರಬೇಕು. ಒಬ್ಬರಂತೂ ಅರವತ್ತನೆಯವರು ಆಗಲೇಬೇಕು. ಆ ಒಬ್ಬರು ಊರಿನ ಶಾಲೆಯಲ್ಲಿ ಹತ್ತು ವರ್ಷ ಫಸ್ಟ್ ಬಂದವರೇ ಆಗಿರುತ್ತಾರೆ. ಅವರ ಬುದ್ಧಿ ರಜೆಯಲ್ಲಿ ಎಲ್ಲೂ ಕಳೆದುಹೋಗಿಲ್ಲ, ಬದಲಾಗಿದ್ದು ಅಕ್ಕಪಕ್ಕದವರು ಮಾತ್ರ. ಆದರೆ ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೂತಾಗ ಈ ಲೆಕ್ಕ ನೆನಪಾಗಲ್ಲ, 'ನಾನು ಇಲ್ಲಿಗೆ ಸರಿಹೋಗೋನಲ್ಲ' ಅನ್ನೋದಷ್ಟೇ ನೆನಪಾಗುತ್ತೆ.

ಬರೀ ಮನಸ್ಸಿಗೆ ಬೇಜಾರಾಗುವ ವಿಷಯವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ತಮ್ಮ ಬಗ್ಗೆ ಇರುವ ಅಂದಾಜು ನಡವಳಿಕೆಯನ್ನೇ ಬದಲಿಸುತ್ತೆ. ಕಷ್ಟದ ಎಲೆಕ್ಟಿವ್ ತಗೊಳ್ಳೋದಾ ಬೇಡ್ವಾ, ಹ್ಯಾಕಥಾನ್ ಟೀಮಿಗೆ ಹೆಸರು ಕೊಡೋದಾ, ಕ್ಲಾಸಲ್ಲಿ ಕೈ ಎತ್ತಿ ಡೌಟ್ ಕೇಳೋದಾ, ಇವೆಲ್ಲ ಈ ಅಂದಾಜಿನ ಮೇಲೆ ನಿಂತಿವೆ. ಒಂದು ಸೆಮಿಸ್ಟರ್ ಡೌಟ್ ಕೇಳದೆ ಕೂತವರಿಗೆ ಮುಂದಿನ ಸೆಮಿಸ್ಟರ್‌ನಲ್ಲಿ ಕೇಳಬೇಕಾದ ಡೌಟ್ ಎರಡು ಪಟ್ಟಾಗಿರುತ್ತೆ.

ಮಾಲ್ಕಮ್ ಗ್ಲ್ಯಾಡ್‌ವೆಲ್ 2013ರ 'ಡೇವಿಡ್ ಆ್ಯಂಡ್ ಗೋಲಿಯತ್' ಪುಸ್ತಕದಲ್ಲಿ ಇದನ್ನೇ ಮುಂದಿಟ್ಟು, ದೊಡ್ಡ ಹೆಸರಿನ ಹಿಂದೆ ಹೋಗಬೇಡಿ ಎಂದು ವಾದಿಸಿದರು. ಅವರು ಕೊಟ್ಟ ಅಂಕಿಗಳು ಮಜವಾಗಿವೆ. ನ್ಯೂಯಾರ್ಕ್ ರಾಜ್ಯದ ಹಾರ್ಟ್‌ವಿಕ್ ಎಂಬ ಸಣ್ಣ ಕಾಲೇಜಿನಲ್ಲಿ ಗಣಿತದ ಮೇಲಿನ ಮೂರನೇ ಒಂದು ಭಾಗದವರ ಸ್ಯಾಟ್ ಸರಾಸರಿ 569. ಹಾರ್ವರ್ಡ್‌ನ ಕೆಳಗಿನ ಮೂರನೇ ಒಂದು ಭಾಗದವರ ಸರಾಸರಿ 581. ಅಂದರೆ ಹಾರ್ವರ್ಡ್‌ನ ಕೊನೆಯ ಬೆಂಚು ಹಾರ್ಟ್‌ವಿಕ್‌ನ ಮೊದಲ ಬೆಂಚಿಗಿಂತ ಒಂದು ಕೂದಲು ಮೇಲೆ. ಆದರೂ ಎರಡೂ ಕಡೆ ವಿಜ್ಞಾನದ ಪದವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಯಾ ಕಾಲೇಜಿನ ಮೇಲಿನ ಗುಂಪಿಗೇ ಹೋಗಿತ್ತು, ಕೆಳಗಿನ ಗುಂಪಿಗೆ ದಕ್ಕಿದ್ದು ಐದರಲ್ಲಿ ಒಂದಕ್ಕಿಂತ ಕಡಿಮೆ. ಹಾರ್ವರ್ಡ್‌ನ ಕೆಳಗಿನವರು ವಿಜ್ಞಾನ ಬಿಟ್ಟು ಬೇರೆ ವಿಷಯಕ್ಕೆ ಹೊರಟುಹೋಗುತ್ತಿದ್ದರು.

ಈ ವಾದವನ್ನು ಹಾಗೇ ಎತ್ತಿ ನಮ್ಮ ಮೇಲೆ ಹಾಕಿಕೊಳ್ಳೋಕಾಗಲ್ಲ. ಅಮೆರಿಕದಲ್ಲಿ ಭೌತಶಾಸ್ತ್ರ ಕಷ್ಟ ಅನ್ನಿಸಿದರೆ ಎರಡನೇ ವರ್ಷದಲ್ಲಿ ಇತಿಹಾಸ ತಗೋಬಹುದು. ನಮ್ಮಲ್ಲಿ ಮೊದಲ ವರ್ಷದ ಕೊನೆಗೆ ಬ್ರ್ಯಾಂಚ್ ಬದಲಾಯಿಸೋ ಒಂದು ಸಣ್ಣ ಕಿಂಡಿ ಇದೆ, ಅದೂ ಮೇಲಿನ ಸಿಜಿಪಿಎ ಇದ್ದವರಿಗೆ. ಉಳಿದವರು ಬಿಟ್ಟು ಹೋಗಲ್ಲ, ಬ್ಯಾಕ್‌ಲಾಗ್ ಹೊತ್ತುಕೊಂಡು ಅಲ್ಲೇ ಇರ್ತಾರೆ. ಇದರಲ್ಲಿ ಕೆಟ್ಟದ್ದೂ ಇದೆ, ಒಳ್ಳೆಯದೂ ಇದೆ. ಡಿಗ್ರಿ ಕೈಗೆ ಬರುವ ಸಾಧ್ಯತೆ ಹೆಚ್ಚು, ಆದರೆ ನಾಲ್ಕು ವರ್ಷ ತಲೆತಗ್ಗಿಸಿ ನಡೆಯುವ ಸಾಧ್ಯತೆಯೂ ಹೆಚ್ಚು.

ಹೆಸರಿಗೆ ಬೆಲೆ ಎಷ್ಟು?

ಇನ್ನೊಂದು ತಟ್ಟೆಯಲ್ಲಿ ಇಡಬೇಕಾದ್ದು ಹೆಸರು. ದೊಡ್ಡ ಕಾಲೇಜಿನಿಂದ ಹೊರಬಂದವರು ಹೆಚ್ಚು ಸಂಬಳ ತಗೋತಾರೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಅದು ಕಾಲೇಜಿನ ಮಹಿಮೆಯೋ, ಅಲ್ಲಿಗೆ ಸೇರುವಷ್ಟು ಜಾಣರಾಗಿದ್ದವರ ಮಹಿಮೆಯೋ? ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಬಿಡಿಸಲು ಒಂದು ಒಳ್ಳೆಯ ಉಪಾಯ ಹೂಡಿದರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಥರದ ಕಡೆ ಸೀಟು ಸಿಕ್ಕವರನ್ನು ಜೋಡಿ ಮಾಡಿದರು. ಅವರಲ್ಲಿ ಕೆಲವರು ದೊಡ್ಡ ಕಾಲೇಜಿಗೆ ಹೋದರು, ಕೆಲವರು ಸೀಟು ಸಿಕ್ಕರೂ ಬೇರೆ ಕಡೆ ಸೇರಿದರು. ಸುಮಾರು ಇಪ್ಪತ್ತು ವರ್ಷದ ನಂತರ ಇಬ್ಬರ ಆದಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಈ ಫಲಿತಾಂಶ ಬಹಳ ಪ್ರಸಿದ್ಧವಾಯಿತು. 'ಕಾಲೇಜು ಯಾವುದಾದ್ರೇನು, ನೀನು ಚೆನ್ನಾಗಿ ಓದಿದ್ರೆ ಆಯ್ತು' ಅನ್ನುವವರಿಗೆ ಪುರಾವೆ ಸಿಕ್ಕಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿತ್ತು, ಅದು ಅಷ್ಟು ಪ್ರಸಿದ್ಧವಾಗಲಿಲ್ಲ. ಬಡ ಮನೆಗಳಿಂದ ಬಂದವರಿಗೆ ದೊಡ್ಡ ಕಾಲೇಜಿನಿಂದ ನಿಜಕ್ಕೂ ಲಾಭವಾಗಿತ್ತು. ಅವರೇ ಮುಂದೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಕಪ್ಪು ಜನಾಂಗದವರು, ಹಿಸ್ಪಾನಿಕ್ ವಿದ್ಯಾರ್ಥಿಗಳು ಮತ್ತು ಹೆಚ್ಚು ಓದಿಲ್ಲದ ತಂದೆತಾಯಿಯ ಮಕ್ಕಳಲ್ಲೂ ಇದೇ ಕಂಡಿತು.

ಯಾಕೆ ಹೀಗೆ? ನಮಗೆ ಅನ್ನಿಸೋದು ಇಷ್ಟು. ಅಪ್ಪ ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್ ಆಗಿರುವ ಹುಡುಗನಿಗೆ ಕಾಲೇಜು ಕೊಡುವ ಬಹಳಷ್ಟು ಸಂಗತಿ ಮನೆಯ ಊಟದ ಮೇಜಿನ ಮೇಲೇ ಸಿಗುತ್ತೆ. ರೆಸ್ಯೂಮೆ ಹೇಗೆ ಬರೀಬೇಕು, ಇಂಟರ್ನ್‌ಶಿಪ್‌ಗೆ ಯಾರನ್ನು ಕೇಳಬೇಕು, ಇಂಟರ್‌ವ್ಯೂನಲ್ಲಿ ಗೊತ್ತಿಲ್ಲ ಅನ್ನೋದನ್ನು ಹೇಗೆ ಹೇಳಬೇಕು ಅನ್ನೋದೆಲ್ಲ. ಅವನು ಯಾವ ಕಾಲೇಜಿಗೆ ಸೇರಿದರೂ ಅದು ಜೊತೆಗೇ ಇರುತ್ತೆ. ಅಡಿಕೆ ತೋಟದಿಂದಲೋ ಕಿರಾಣಿ ಅಂಗಡಿಯಿಂದಲೋ ಮೊದಲ ಸಲ ಎಂಜಿನಿಯರಿಂಗಿಗೆ ಬಂದವಳಿಗೆ ಇವೆಲ್ಲ ಕಾಲೇಜಿನಲ್ಲೇ ಸಿಗಬೇಕು: ಸೀನಿಯರ್‌ಗಳಿಂದ, ಹಳೇ ವಿದ್ಯಾರ್ಥಿಗಳಿಂದ, ರೂಮ್‌ಮೇಟ್ ರಾತ್ರಿ ಏನು ಓದ್ತಾ ಇದ್ದಾಳೆ ಅಂತ ಇಣುಕಿ ನೋಡೋದರಿಂದ.

ನಮ್ಮ ದೇಶದ ವಿಷಯಕ್ಕೆ ಬಂದರೆ, ಶೀತಲ್ ಸೇಖ್ರಿ ಅವರ 2020ರ ಅಧ್ಯಯನ ಇನ್ನೂ ಖಾರವಾಗಿದೆ. ಹೆಸರಾಂತ ಸರ್ಕಾರಿ ಕಾಲೇಜುಗಳ ಕಟಾಫ್‌ಗಿಂತ ಒಂದಿಷ್ಟು ಮೇಲೆ ಬಂದು ಸೀಟು ಸಿಕ್ಕವರನ್ನೂ, ಒಂದಿಷ್ಟು ಕೆಳಗೆ ಬಂದು ಸೀಟು ತಪ್ಪಿದವರನ್ನೂ ಅವರು ಹೋಲಿಸಿದರು. ಅಂಚಿನಲ್ಲಿರುವ ಈ ಎರಡು ಗುಂಪಿನವರ ಮಟ್ಟ ಹೆಚ್ಚು ಕಡಿಮೆ ಒಂದೇ. ಕೊನೆಯ ಪರೀಕ್ಷೆಯ ಅಂಕಗಳಲ್ಲಿ ಇಬ್ಬರಿಗೂ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸಂಬಳ ಹೆಸರಾಂತ ಕಾಲೇಜಿನವರಿಗೇ ಹೆಚ್ಚು. ಅಂದರೆ ಕಲಿತದ್ದು ಅಷ್ಟೇ, ಸಿಕ್ಕಿದ್ದು ಜಾಸ್ತಿ. ನ್ಯಾಯವೋ ಅನ್ಯಾಯವೋ, ಮಾರುಕಟ್ಟೆ ಹೆಸರನ್ನು ಓದುತ್ತೆ. ಇದನ್ನು ಒಪ್ಪಿಕೊಳ್ಳೋಕೆ ನಮಗೂ ಇಷ್ಟವಿಲ್ಲ, ಆದರೆ ಅಂಕಿ ಹಾಗಿದೆ.

ಅಮೆರಿಕದ್ದೇ ಇನ್ನೊಂದು ಲೆಕ್ಕ ಬೇಕಾದರೆ, 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಲ್ಲಿನ ಅತಿ ಹೆಸರಾಂತ 12 ಕಾಲೇಜುಗಳನ್ನು ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯಗಳ ಜೊತೆ ಹೋಲಿಸಿದರು. ಸರಾಸರಿ ಆದಾಯದಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ ಮೇಲಿನ ಶೇ 1ರ ಆದಾಯ ತಲುಪುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು, ಹೆಸರಾಂತ ಕಂಪನಿ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಮೂರು ಪಟ್ಟಿನ ಹತ್ತಿರ. ಸರಾಸರಿ ನೋಡಿದರೆ ಹೆಸರು ಬೇಕಿಲ್ಲ, ಮೇಲಿನ ತುದಿ ನೋಡಿದರೆ ಬೇಕು.

ಯಾರಿಗೆ ಯಾವ ಸಲಹೆ ಸಿಗುತ್ತಿದೆ?

ನಮ್ಮನ್ನು ಈ ಲೇಖನ ಬರೆಯಲು ಕೂರಿಸಿದ್ದು ಈ ಭಾಗ. ಊರುಗಳಲ್ಲಿ 'ಬೇಡಪ್ಪಾ, ದೊಡ್ಡ ಕಡೆ ಹೋದ್ರೆ ಕಳೆದುಹೋಗ್ತೀಯ, ಇಲ್ಲೇ ಇದ್ರೆ ಮಿಂಚ್ತೀಯ' ಅನ್ನೋ ಮಾತು ಯಾರ ಕಿವಿಗೆ ಹೆಚ್ಚು ಬೀಳುತ್ತೆ ಗಮನಿಸಿ. ಬೆಂಗಳೂರಿನ ಐಸಿಎಸ್‌ಇ ಶಾಲೆಯ ಹುಡುಗನಿಗೆ ಯಾರೂ ಹೀಗೆ ಹೇಳಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೇಳ್ತಾರೆ. ಹುಡುಗಿಯರಿಗೆ ಹೇಳ್ತಾರೆ. ಕಲ್ಯಾಣ ಕರ್ನಾಟಕದಿಂದ ಬರುವವರಿಗೆ, ಮೀಸಲಾತಿಯಲ್ಲಿ ಸೀಟು ಸಿಗುವವರಿಗೆ ಹೇಳ್ತಾರೆ. ಡೇಲ್ ಮತ್ತು ಕ್ರೂಗರ್ ಅವರ ಪಟ್ಟಿಯನ್ನು ಮತ್ತೆ ಓದಿ: ಹೆಸರಿನಿಂದ ಅತಿ ಹೆಚ್ಚು ಲಾಭವಾಗುವುದು ಇಂಥವರಿಗೇ. ಯಾರಿಗೆ ಅತಿ ಹೆಚ್ಚು ದಕ್ಕಬೇಕೋ ಅವರನ್ನೇ ಬಾಗಿಲಲ್ಲಿ ತಡೆದು ಹಿಂದಕ್ಕೆ ಕಳಿಸುತ್ತಿದ್ದೇವೆ, ಅದೂ ಪ್ರೀತಿಯಿಂದ.

'ಅವರಿಗೆ ಅಲ್ಲಿ ಏಗೋಕಾಗಲ್ಲ' ಅನ್ನುವ ಆತಂಕವನ್ನೂ ಪರೀಕ್ಷಿಸಿ ನೋಡಲಾಗಿದೆ. ಬಾಗ್ಡೆ, ಎಪಲ್ ಮತ್ತು ಟೇಲರ್ ಎಂಬ ಮೂವರು ಭಾರತದ 200ಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದ ಜಾತಿಗಳಿಗೆ ಮತ್ತು ಹೆಣ್ಣುಮಕ್ಕಳಿಗೆ ಇದ್ದ ಮೀಸಲಾತಿಯ ಪರಿಣಾಮವನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಮೀಸಲಾತಿಯಿಂದ ಇವರು ಕಾಲೇಜು ಸೇರುವುದು ಹೆಚ್ಚಿತ್ತು, ಅದರಲ್ಲೂ ಒಳ್ಳೆಯ ಕಾಲೇಜುಗಳಿಗೆ. ತಯಾರಿ ಸಾಲದ ಕಡೆ ಹೋಗಿ ಕೆಟ್ಟರು ಅನ್ನುವುದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. 2010ರಲ್ಲಿ ಬರ್ಟ್ರಾಂಡ್, ಹನ್ನಾ ಮತ್ತು ಮುಲ್ಲೈನಾಥನ್ ಮಾಡಿದ ಅಧ್ಯಯನದಲ್ಲೂ, ಪ್ರವೇಶ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದರೂ ಮೀಸಲಾತಿಯಲ್ಲಿ ಎಂಜಿನಿಯರಿಂಗ್ ಸೇರಿದವರಿಗೆ ಮುಂದೆ ಆದಾಯದಲ್ಲಿ ಲಾಭವೇ ಆಗಿತ್ತು.

ಉಲ್ಟಾ ಹೇಳುವ ಅಧ್ಯಯನವೂ ಒಂದಿದೆ, ಮುಚ್ಚಿಡುವುದು ಸರಿಯಲ್ಲ. ರೋಬ್ಲೆಸ್ ಮತ್ತು ಕೃಷ್ಣ ನಮ್ಮ ದೇಶದ ಒಂದು ಅತಿ ಹೆಸರಾಂತ ಎಂಜಿನಿಯರಿಂಗ್ ಸಂಸ್ಥೆಯ 2008ರ ಬ್ಯಾಚ್ ನೋಡಿದಾಗ, ಮೀಸಲಾತಿಯಲ್ಲಿ ಅತಿ ಬೇಡಿಕೆಯ ಬ್ರ್ಯಾಂಚುಗಳಿಗೆ ಸೇರಿದವರು ಹಿಂದೆ ಬಿದ್ದಿದ್ದರು. ಅದೇ ಸಂಸ್ಥೆಯಲ್ಲಿ ಸ್ವಲ್ಪ ಕಡಿಮೆ ಪೈಪೋಟಿಯ ಬ್ರ್ಯಾಂಚ್ ಹಿಡಿದಿದ್ದರೆ ಹೆಚ್ಚು ಸಂಪಾದಿಸುತ್ತಿದ್ದರು ಎಂಬುದು ಅವರ ತೀರ್ಮಾನ. ಗಮನಿಸಿ, ಇಲ್ಲಿ ಪೆಟ್ಟು ಬಿದ್ದಿದ್ದು ಕಾಲೇಜಿನಿಂದಲ್ಲ, ಬ್ರ್ಯಾಂಚಿನಿಂದ. ಸಿಎಸ್ ಬಿಟ್ಟರೆ ಬದುಕೇ ಇಲ್ಲ ಅನ್ನುವ ನಮ್ಮ ಕಾಲದ ಹುಚ್ಚಿಗೆ ಇದು ಒಳ್ಳೆಯ ಮದ್ದು. ದೊಡ್ಡ ಕಾಲೇಜಿನಲ್ಲಿ ಮೆಕ್ಯಾನಿಕಲ್ಲೋ ಸಿವಿಲ್ಲೋ ಇಷ್ಟಪಟ್ಟು ತಗೊಂಡವರು ಎರಡೂ ಕೆರೆಯ ನೀರು ಕುಡಿಯಬಹುದು: ಹೆಸರೂ ಇರುತ್ತೆ, ಕ್ಲಾಸಿನಲ್ಲಿ ಉಸಿರಾಡೋಕೆ ಜಾಗವೂ ಇರುತ್ತೆ. ಆದರೆ ಇಷ್ಟಪಟ್ಟು ತಗೊಂಡಿರಬೇಕು, ಅದು ಮುಖ್ಯ.

ಹಾಗಾಗಿ ನಮ್ಮ ಉತ್ತರ: ಮನೆಯಲ್ಲಿ ಮೊದಲ ತಲೆಮಾರಿನ ಎಂಜಿನಿಯರ್ ನೀವಾಗಿದ್ದು, ಸರ್ಕಾರಿ ಕೋಟಾದಲ್ಲಿ ದೊಡ್ಡ ಕಾಲೇಜಿನ ಸೀಟು ಸಿಗುತ್ತಿದ್ದರೆ, ಹೋಗಿ. ಹೋಗುವಾಗ ಮೊದಲ ವರ್ಷ ರ‍್ಯಾಂಕ್ ಕೆಳಗಿಳಿಯುತ್ತೆ ಅನ್ನೋದನ್ನು ಮೊದಲೇ ಲೆಕ್ಕಕ್ಕೆ ತಗೊಂಡು ಹೋಗಿ. ಮನೆಯಲ್ಲಿ ಈಗಾಗಲೇ ಸಂಪರ್ಕ, ಮಾರ್ಗದರ್ಶನ ಎಲ್ಲ ಇದ್ದರೆ, ಮಿಂಚಬಹುದಾದ ಕಾಲೇಜು ನಿಮಗೆ ನಷ್ಟವೇನೂ ಅಲ್ಲ. ಊರಿನಲ್ಲಿ ಕೇಳಿಬರುವ ಸಲಹೆಗೆ ಇದು ಪೂರ್ತಿ ತದ್ವಿರುದ್ಧ.

ಮ್ಯಾನೇಜ್‌ಮೆಂಟ್ ಸೀಟಿಗೆ ಈ ಉತ್ತರ ಅನ್ವಯಿಸಲ್ಲ. ಜಮೀನು ಅಡ ಇಟ್ಟು, ಲಕ್ಷಗಟ್ಟಲೆ ಸಾಲ ಮಾಡಿ ಹೆಸರು ಕೊಳ್ಳಬೇಡಿ. ಸಾಲದ ಕಂತು ತಲೆಯ ಮೇಲಿರುವವರು ಮೊದಲು ಸಿಕ್ಕ ಕೆಲಸಕ್ಕೆ ಸೇರಬೇಕಾಗುತ್ತೆ, ಆಗ ಹೆಸರಿನ ಲಾಭ ಅಲ್ಲೇ ಅರ್ಧ ಕರಗುತ್ತೆ.

ಆಪ್ಷನ್ ಎಂಟ್ರಿಗೆ ಕೂರುವ ಮುನ್ನ

ಫೋನ್ ಮಾಡುವವರಲ್ಲಿ ಬಹಳ ಜನ ಒಂದು ತಪ್ಪು ತಿಳಿವಳಿಕೆ ಇಟ್ಟುಕೊಂಡಿರ್ತಾರೆ. ಸಿಗದೇ ಇರುವ ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಆಪ್ಷನ್ ವ್ಯರ್ಥವಾಗುತ್ತೆ, ಕೆಳಗಿನದ್ದೂ ಕೈ ತಪ್ಪುತ್ತೆ ಅಂತ. ಹಾಗಾಗಲ್ಲ. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತೆ. ಮೇಲಿನದು ಸಿಗದಿದ್ದರೆ ಮುಂದಿನದಕ್ಕೆ ಇಳಿಯುತ್ತೆ, ನಿಮ್ಮ ಸರದಿಯೇನೂ ಹಿಂದಕ್ಕೆ ಹೋಗಲ್ಲ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಬೇಕು. ಅಪಾಯ ಇರೋದು ಉಲ್ಟಾ ಕಡೆ: ಮೇಲೆ ಹಾಕಿದ್ದು ಸಿಕ್ಕಿಬಿಟ್ಟರೆ ಅದರ ಕೆಳಗಿನವು ಮುಂದಿನ ಸುತ್ತಿಗೆ ಲೆಕ್ಕಕ್ಕೇ ಬರಲ್ಲ. 'ಸುಮ್ನೆ ಮೇಲೆ ಹಾಕಿದ್ದೆ' ಅನ್ನುವ ಕಾಲೇಜೇ ಕೊರಳಿಗೆ ಬೀಳಬಹುದು.

ಮೀಸಲಾತಿಯ ದಾಖಲೆಗಳನ್ನು ಸರಿಯಾಗಿ ಇಟ್ಟುಕೊಳ್ಳೋದು ಇದಕ್ಕಿಂತ ಮುಖ್ಯ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ 15 ಸೀಟುಗಳಿವೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ಅಡಿಯಲ್ಲಿ ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಇದೆ. ಎಸ್‌ಎನ್‌ಕ್ಯೂ ಸೀಟು ಸಿಕ್ಕರೆ ಬೋಧನಾ ಶುಲ್ಕವೇ ಮಾಫಿ, ಆದರೆ ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಸರ್ಟಿಫಿಕೇಟಿನಲ್ಲಿ ಬಿಇಒ ಸಹಿ ಇಲ್ಲ ಅಂತ ಕೊನೇ ದಿನ ಓಡಾಡುವುದಕ್ಕಿಂತ ರಿಸಲ್ಟ್ ಬರುವ ಮೊದಲೇ ಮಾಡಿಸಿಟ್ಟುಕೊಳ್ಳೋದು ಒಳ್ಳೇದು.

ಇನ್ನು ಕಾಲೇಜನ್ನು ಅಳೆಯೋದು. ಗೇಟಿನ ಫ್ಲೆಕ್ಸ್ ಮೇಲೆ ಇರೋ 'ಹೈಯೆಸ್ಟ್ ಪ್ಯಾಕೇಜ್' ಒಬ್ಬ ವಿದ್ಯಾರ್ಥಿಯ ಕಥೆ. 'ಆವರೇಜ್' ಕೂಡ ಆ ಒಬ್ಬನಿಂದ ಉಬ್ಬಿರುತ್ತೆ, ಸ್ಟ್ಯಾಟಿಸ್ಟಿಕ್ಸ್ ಪಾಸಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಕಾಗಿರೋದು ಮೀಡಿಯನ್. ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಸಲ್ಲಿಸುವ ವರದಿಯಲ್ಲಿ ಸರಿಯಾದ ಅವಧಿಯಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಮೀಡಿಯನ್ ಸಂಬಳ ಎಷ್ಟು, ಮುಂದೆ ಓದಲು ಹೋದವರೆಷ್ಟು ಅಂತ ಎಲ್ಲ ಇರುತ್ತೆ. ಕಾಲೇಜಿನ ವೆಬ್‌ಸೈಟಿನಲ್ಲಿ ಆ ಪಿಡಿಎಫ್ ಹುಡುಕಿ. ಸೇರಿದವರ ಸಂಖ್ಯೆಗೂ ಸಮಯಕ್ಕೆ ಪಾಸಾದವರ ಸಂಖ್ಯೆಗೂ ಅಂತರ ದೊಡ್ಡದಿದ್ದರೆ, ಆ ಕೆರೆಯಲ್ಲಿ ಮೀನುಗಳಿಗೆ ಏನಾಗುತ್ತಿದೆ ಅನ್ನೋದು ಗೊತ್ತಾಗುತ್ತೆ.

ಸೇರಿದ ಮೇಲೆ

ದೊಡ್ಡ ಕಾಲೇಜಿಗೆ ಸೇರಿದವರು ಮೊದಲು ಮಾಡಬೇಕಾದ್ದು ಸಿಜಿಪಿಎಯನ್ನು ಒಂದು ಗೆರೆಯ ಮೇಲೆ ಉಳಿಸಿಕೊಳ್ಳೋದು. ಕ್ಯಾಂಪಸ್‌ಗೆ ಬರುವ ಅನೇಕ ಕಂಪನಿಗಳು ಒಂದು ಅಂಕಿ ಇಟ್ಟು ಅದಕ್ಕಿಂತ ಕೆಳಗಿನವರನ್ನು ಪರೀಕ್ಷೆಗೇ ಕೂರಿಸಲ್ಲ. ಬ್ಯಾಕ್‌ಲಾಗ್ ಇದ್ದವರನ್ನೂ ಹಾಗೇ. ಹತ್ತಿರದವರೆಲ್ಲ 9.5 ತೆಗೀತಾರೆ ಅಂತ ಬೇಸರಪಟ್ಟು 6ಕ್ಕೆ ಇಳಿದರೆ, ಹೆಸರಿನ ಬಾಗಿಲು ತೆರೆದಿದ್ದರೂ ಒಳಗೆ ಹೋಗೋಕೆ ಬಿಡಲ್ಲ. 9.5ರ ಚಿಂತೆ ಬೇಡ, ಗೆರೆಯ ಚಿಂತೆ ಇರಲಿ.

ಎರಡನೆಯದು, ದೊಡ್ಡ ಕೆರೆಯೊಳಗೆ ಒಂದು ಸಣ್ಣ ಕೆರೆ ಹುಡುಕಿಕೊಳ್ಳೋದು. ಹೋಲಿಕೆ ನಡೆಯೋದು ದಿನಾ ಕಣ್ಣಿಗೆ ಬೀಳುವವರ ಜೊತೆ. ಅದು 60 ಜನರ ಸೆಕ್ಷನ್ನೇ ಆಗಬೇಕೆಂದಿಲ್ಲ. ರೇಸ್ ಕಾರ್ ಕಟ್ಟುವ ಟೀಮ್, ಒಂದು ಲ್ಯಾಬ್, ನಾಟಕದ ತಂಡ, ಯಾವುದಾದರೂ ಒಂದು ಕಡೆ 'ಈ ಕೆಲಸಕ್ಕೆ ಇವಳನ್ನೇ ಕೇಳಿ' ಅನ್ನಿಸಿಕೊಂಡರೆ ಸಾಕು. ಕನ್ನಡ ಸಂಘಕ್ಕೆ ಬನ್ನಿ ಅಂತ ನಾವು ಹೇಳೋದು ಸ್ವಾರ್ಥದ ಮಾತು ಅನ್ನಿಸಬಹುದು, ಸ್ವಲ್ಪ ಹೌದು. ಆದರೆ ಇಂಗ್ಲಿಷ್ ಮತ್ತು ಹಿಂದಿಯೇ ತುಂಬಿರುವ ಕಾರಿಡಾರಿನಲ್ಲಿ ಮೂರು ತಿಂಗಳು ಬಾಯಿ ಬಿಡದವರು ಸಂಘದ ಚರ್ಚೆಯಲ್ಲಿ ಮೈಕ್ ಹಿಡಿದು ಮಾತಾಡಿ, ಮರುವಾರ ಸೆಮಿನಾರ್ ಕೊಡೋಕೆ ಎದ್ದು ನಿಂತಿದ್ದನ್ನು ನಾವು ನೋಡಿದ್ದೇವೆ.

ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಹತ್ತಿರದ್ದು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆ, 'ನಾನು ಇಲ್ಲಿಗೆ ಸೇರಿದವನಲ್ಲ ಅನ್ನಿಸೋದು ಮೊದಲ ವರ್ಷ ಎಲ್ಲರಿಗೂ ಸಹಜ, ಕಾಲ ಕಳೆದಂತೆ ಹೋಗುತ್ತೆ' ಎಂದು ಸೀನಿಯರ್‌ಗಳ ಅನುಭವ ಓದಿಸಿದರು. ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೂ ಬಿಳಿಯರಿಗೂ ಇದ್ದ ಅಂಕಗಳ ಅಂತರ ಮುಂದಿನ ಮೂರು ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಒಂದು ಗಂಟೆ! ನಮ್ಮ ಇಂಡಕ್ಷನ್ ಪ್ರೋಗ್ರಾಮಿನಲ್ಲಿ ಅತಿಥಿಗಳ ಭಾಷಣ ಒಂದು ಕಡಿಮೆ ಮಾಡಿದರೂ ಇಷ್ಟು ಸಮಯ ಸಿಗುತ್ತೆ.

ಸಣ್ಣ ಕಾಲೇಜಿಗೆ ಸೇರಿದವರ ಅಪಾಯ ಬೇರೆ ಥರದ್ದು. ಮೇಷ್ಟ್ರು ಹೆಸರಿಟ್ಟು ಕರೀತಾರೆ, ಲ್ಯಾಬಿನ ಬೀಗದ ಕೈ ನಿಮ್ಮ ಹತ್ತಿರ ಇರುತ್ತೆ, ಫೆಸ್ಟ್ ನಿಮ್ಮಿಂದಲೇ ನಡೆಯುತ್ತೆ. ಇವೆಲ್ಲ ನಿಜವಾದ ಲಾಭಗಳೇ. ಆದರೆ ನೀವು ಬರೆದ ಕೋಡ್ ಕೆಟ್ಟದಾಗಿದೆ ಅಂತ ಹೇಳುವವರು ಯಾರೂ ಇರಲ್ಲ. ಹಾಳೂರಿನ ಗೌಡಿಕೆ ಅಂದರೆ ಇದೇ. ಅದಕ್ಕೆ ಅಳತೆಗೋಲನ್ನು ಹೊರಗಿನಿಂದ ತರಬೇಕು. ಎನ್‌ಪಿಟಿಇಎಲ್ ಪರೀಕ್ಷೆಗೆ ದೇಶದವರೆಲ್ಲ ಕೂರುತ್ತಾರೆ, ಗೇಟ್‌ನ ಹಳೇ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ, ಬೆಂಗಳೂರಿನ ಜೆಎನ್‌ಸಿಎಎಸ್‌ಆರ್‌ನ ಬೇಸಿಗೆ ಕಾರ್ಯಕ್ರಮಕ್ಕೆ ಯಾವ ಕಾಲೇಜಿನವರಾದರೂ ಅರ್ಜಿ ಹಾಕಬಹುದು. ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ, ಫೈನಲ್ ಇಯರ್ ಪ್ರಾಜೆಕ್ಟುಗಳಿಗೆ ಧನಸಹಾಯ ಕೊಡುತ್ತೆ. ಅದರ ಪ್ರದರ್ಶನದಲ್ಲಿ ರಾಜ್ಯದ ಉಳಿದ ಕಾಲೇಜುಗಳವರ ಪಕ್ಕದಲ್ಲಿ ನಿಮ್ಮ ಪ್ರಾಜೆಕ್ಟ್ ಇಟ್ಟಾಗ ಎಷ್ಟು ದೂರ ಬಂದಿದ್ದೀರಿ ಅಂತ ಕಾಣುತ್ತೆ.

ಎರಡನೇ ಸುತ್ತು

ನಾರಾಯಣ ಮೂರ್ತಿ ಅವರು ಐಐಟಿ ಪ್ರವೇಶ ಪರೀಕ್ಷೆ ಪಾಸಾಗಿದ್ದರೂ ಮನೆಯಲ್ಲಿ ಖರ್ಚು ಭರಿಸಲಾಗದೆ ಮೈಸೂರಿನ ಎನ್‌ಐಇಯಲ್ಲಿ ಓದಿದರು ಅನ್ನೋದು ಎಲ್ಲರೂ ಹೇಳುವ ಕಥೆ. ಕಥೆಯ ಮುಂದಿನ ಭಾಗವನ್ನು ಕಡಿಮೆ ಜನ ಹೇಳ್ತಾರೆ: 1967ರಲ್ಲಿ ಬಿಇ ಮುಗಿಸಿ ಎಂಟೆಕ್‌ಗೆ ಅವರು ಐಐಟಿ ಕಾನ್ಪುರಕ್ಕೆ ಹೋದರು. ಸುಧಾ ಮೂರ್ತಿ ಅವರು ಹುಬ್ಬಳ್ಳಿಯ ಬಿವಿಬಿಯಲ್ಲಿ ಓದಿ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. (ಬಿವಿಬಿಯಲ್ಲಿ ಆಗ ಅವರೊಬ್ಬರೇ ವಿದ್ಯಾರ್ಥಿನಿ. ಎದ್ದು ಕಾಣೋದು ಯಾವಾಗಲೂ ಸುಖದ ವಿಷಯವಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.) ಇಂಥ ಒಂದೆರಡು ದೊಡ್ಡ ಹೆಸರುಗಳಿಂದ ಏನೂ ಸಾಬೀತಾಗಲ್ಲ, ಸೋತವರ ಕಥೆಯನ್ನು ಯಾರೂ ಬರೆದಿಟ್ಟಿರಲ್ಲ. ಆದರೆ ಬಾಗಿಲು ಎರಡನೇ ಸಲವೂ ತೆರೆಯುತ್ತೆ ಅನ್ನೋದು ಮಾತ್ರ ಇವುಗಳಿಂದ ಗೊತ್ತಾಗುತ್ತೆ. ಗೇಟ್ ಸ್ಕೋರ್ ಕಾರ್ಡಿನಲ್ಲಿ ನೀವು ಓದಿದ ಕಾಲೇಜಿಗೆ ಅಂಕವಿಲ್ಲ. ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತೆ, ಅಂದರೆ ಕೆಲಸಕ್ಕೆ ಸೇರಿ ಎರಡು ವರ್ಷ ದುಡಿದು ಕೂಡ ಹೋಗಬಹುದು.

ಈ ಸುತ್ತಿನಲ್ಲಿ ತೂಕದ ಬಟ್ಟೂ ಬದಲಾಗುತ್ತೆ. ಎರಡು ವರ್ಷದ ಎಂಟೆಕ್ ಮಾಡಿ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ಸಂಸ್ಥೆಯ ಹೆಸರು, ಅಲ್ಲಿಗೆ ಬರುವ ಕಂಪನಿಗಳು ಮುಖ್ಯ. ಸಂಶೋಧನೆಯ ದಾರಿ ಹಿಡಿಯೋರಿಗೆ ಗೈಡ್ ಯಾರು, ಅವರು ವಿದ್ಯಾರ್ಥಿಗಳ ಜೊತೆ ವಾರಕ್ಕೊಮ್ಮೆ ಕೂರುತ್ತಾರಾ, ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಅನ್ನೋದೇ ಹೆಚ್ಚು. ದೊಡ್ಡ ಸಂಸ್ಥೆಯ ಮೂವತ್ತು ಜನರ ಲ್ಯಾಬಿನಲ್ಲಿ ಗೈಡ್ ಮುಖ ನೋಡೋಕೆ ತಿಂಗಳು ಕಾಯೋದಕ್ಕಿಂತ, ಹೆಸರು ಅಷ್ಟಿಲ್ಲದ ಕಡೆ ನಾಲ್ಕನೆಯವರಾಗಿ ಸೇರೋದು ನಮ್ಮ ಪ್ರಕಾರ ಒಳ್ಳೆಯ ಆಯ್ಕೆ. ವಿದೇಶಕ್ಕೆ ಅರ್ಜಿ ಹಾಕುವಾಗ ರೆಕಮಂಡೇಶನ್ ಲೆಟರ್ ಬರೆಯುವ ಪ್ರೊಫೆಸರ್‌ಗೆ ನಿಮ್ಮ ಯುಎಸ್‌ಎನ್ ಬಿಟ್ಟು ಬೇರೇನಾದರೂ ಗೊತ್ತಿರಬೇಕಲ್ಲ.

ಆಪ್ಷನ್ ಎಂಟ್ರಿ ಮುಗಿಯುವವರೆಗೆ ಸಂಜೆ ಐದರ ನಂತರ ಸಂಘದ ಕೋಣೆಯಲ್ಲಿ ನಮ್ಮಲ್ಲಿ ಇಬ್ಬರಾದರೂ ಇರುತ್ತೇವೆ. ತಮ್ಮ, ತಂಗಿ, ಊರಿನ ಜೂನಿಯರ್ ಯಾರೇ ಇದ್ದರೂ ಅವರ ರ‍್ಯಾಂಕ್, ಮೀಸಲಾತಿ ವಿವರ, ಮಾಕ್ ಅಲಾಟ್‌ಮೆಂಟ್ ಪ್ರತಿ ತೆಗೆದುಕೊಂಡು ಬನ್ನಿ. ಪಟ್ಟಿಯನ್ನು ಒಟ್ಟಿಗೆ ಕೂತು ನೋಡೋಣ.